ನೆಟ್ಟಗೆ ನಿಂತು ಕಸ ಗುಡಿಸುವ ವಿದ್ಯೆ

ಆ ನಿವೃತ್ತ ಹೆಡ್‌ಮಾಸ್ಟರಿಗೆ ಸೊಂಟ ಹಿಡಿದದ್ದು ಅಕ್ಕಿಮೂಟೆ ಎತ್ತಿದ್ದಕ್ಕಲ್ಲ, ಬಸ್ಸಿನಿಂದ ಜಾರಿದ್ದಕ್ಕೂ ಅಲ್ಲ. ಹೆಂಡತಿ ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತಿದರು. ಮನೆಗೆಲಸದಾಕೆ ಊರ ಜಾತ್ರೆಗೆ ಹೋದರು. ಮೈಸೂರಿನ ಆ ಮನೆಯಲ್ಲಿ ಕೊನೆಗೆ ಉಳಿದದ್ದು ಮೇಷ್ಟ್ರು ಮತ್ತು ಪೊರಕೆ. ಶಾಲೆಯಲ್ಲಿದ್ದಷ್ಟು ಕಾಲ ಮಕ್ಕಳಿಗೆ “ನೆಟ್ಟಗೆ ನಿಂತ್ಕೊಳ್ರೋ” ಎಂದು ಗದರಿದವರು, ನಡುಮನೆ ಗುಡಿಸಿ ಮುಗಿಸುವ ಹೊತ್ತಿಗೆ ತಾವೇ ನೆಟ್ಟಗೆ ನಿಲ್ಲಲಾರದೆ ಹೋದರು.

“ಏನ್ರೀ, ಮುಖ ಯಾಕೆ ಹಿಂಗಿದೆ?” ವಿಡಿಯೊ ಕಾಲ್‌ನಲ್ಲಿ ಹೆಂಡತಿ ಕೇಳಿದರು.

“ಕಸ ಗುಡಿಸಿದೆ ಕಣೇ.”

ಅತ್ತಲಿಂದ ಹೊರಟ ನಗು ಯಾವ ನೆಟ್‌ವರ್ಕ್ ತೊಂದರೆಯೂ ಇಲ್ಲದೆ ಮೈಸೂರು ತಲುಪಿತು.

ಬೆನ್ನುನೋವಿನವರಿಗೆ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಎದುರುಮನೆಯವರು ನೋವಿನೆಣ್ಣೆ ತಂದರು. ವಾಕಿಂಗ್ ಗೆಳೆಯರಲ್ಲಿ ಒಬ್ಬರು ಬೆಲ್ಟು ಕಟ್ಟಿಸಿದರು, ಇನ್ನೊಬ್ಬರು ಪಾರ್ಕಿನ ಕಲ್ಲುಬೆಂಚಿನ ಪಕ್ಕದಲ್ಲೇ ಭುಜಂಗಾಸನ ಮಾಡಿ ತೋರಿಸಿ, ಏಳುವಾಗ ಮೇಷ್ಟ್ರ ಕೈಯನ್ನೇ ಹಿಡಿದು ಎದ್ದರು. ಮೇಷ್ಟ್ರ ಶರೀರದಲ್ಲಿ ಏನೇನು ಬದಲಾಗಬೇಕೆಂದು ಎಲ್ಲರೂ ಹೇಳಿದರು. ಪೊರಕೆ ಬದಲಾಯಿಸಿ ಎಂದದ್ದು ಫಿಸಿಯೋಥೆರಪಿಯ ಹುಡುಗಿ ಒಬ್ಬಳೇ. “ಬಗ್ಗೋದು ತಪ್ಪಲ್ಲ ಸರ್. ಬಗ್ಗಿಕೊಂಡೇ ಇರೋದು, ಬಗ್ಗಿ ತಿರುಗೋದು, ಬಗ್ಗಿ ಭಾರ ಎತ್ತೋದು, ಇವು ಮೂರನ್ನ ಕಡಿಮೆ ಮಾಡಿ.”

ಆಕೆಯ ಮಾತಿನ ಹಿಂದೆ ಅಳತೆಯೇ ಇದೆ. ಸೊಂಟದ ಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲೇ ಅಳೆದಿದ್ದರು. 1999ರಲ್ಲಿ ಜರ್ಮನಿಯ ಹಾನ್ಸ್ ಯೋಆಕಿಮ್ ವಿಲ್ಕೆ ಮತ್ತು ಜೊತೆಗಾರರು ಸ್ವಯಂಸೇವಕರೊಬ್ಬರ ಬಿಲ್ಲೆಯೊಳಗೇ ಸಂವೇದಕವೊಂದನ್ನು ಕೂರಿಸಿ, ಅವರು ಏಳುವುದು, ಕೂರುವುದು, ಬಗ್ಗುವುದು ಎಲ್ಲವನ್ನೂ ದಾಖಲಿಸಿದರು. ಸುಮ್ಮನೆ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್. ಮುಂದಕ್ಕೆ ಬಾಗಿದಾಗ 1.1. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3. ಅದೇ ಭಾರವನ್ನು ಮಂಡಿ ಮಡಿಸಿ ಎತ್ತಿದರೆ 1.7. ಬರಿಗೈಯಲ್ಲಿ ಬಾಗಿದರೂ ಒತ್ತಡ ಎರಡು ಪಟ್ಟು ದಾಟುತ್ತದೆ ಎಂದಮೇಲೆ, ಪೊರಕೆ ಹಗುರವಾಗಿದೆಯಲ್ಲ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ನೋಡಬೇಕಾದ್ದು ಅದರ ತೂಕವನ್ನಲ್ಲ, ಹಿಡಿಯ ಉದ್ದವನ್ನು.

ಹಿಡಿಯ ಉದ್ದ ಒಂದು ಕಾಲಕ್ಕೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಹೊಲಗಳಲ್ಲಿ ಕೂಲಿಗಳಿಗೆ ಗೇಣೆರಡು ಗೇಣಿನ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿಸುತ್ತಿದ್ದರು. ಉದ್ದ ಹಿಡಿ ಕೊಟ್ಟರೆ ಬೆಳೆ ಹಾಳಾಗುತ್ತದೆ ಎಂಬುದು ತೋಟದ ಮಾಲೀಕರ ವಾದ. ಗಿಡ್ಡ ಹಿಡಿಯಿಂದ ಅವರಿಗೆ ಇನ್ನೊಂದು ಅನುಕೂಲವಿತ್ತು: ಯಾರು ನೆಟ್ಟಗೆ ನಿಂತಿದ್ದಾರೋ ಅವರು ಕೆಲಸ ನಿಲ್ಲಿಸಿದ್ದಾರೆ ಎಂದು ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. 1975ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೂಲಿಗಳ ಪರ ನಿಂತಿತು, ಗಿಡ್ಡ ಗುದ್ದಲಿಗೆ ನಿಷೇಧ ಬಿತ್ತು. ಲೆಟ್ಯೂಸ್ ಆಮೇಲೂ ಚೆನ್ನಾಗಿಯೇ ಬೆಳೆಯಿತು.

ನಮ್ಮ ಪೊರಕೆಗಳಿಗೆ ಹಾಗೆ ಯಾರೂ ದಾವೆ ಹೂಡಿಲ್ಲ. ಒಳಮನೆಯ ಹುಲ್ಲು ಪೊರಕೆ ಮೇಘಾಲಯ, ಅಸ್ಸಾಮಿನ ಗುಡ್ಡಗಳಲ್ಲಿ ಬೆಳೆಯುವ ಹುಲ್ಲಿನದು. ಅಂಗಳದ ಕಡ್ಡಿ ಪೊರಕೆ, ಮಂಗಳೂರಿನ ಕಡೆಯ ಹಿಡಿಸೂಡಿ, ನಮ್ಮದೇ ತೆಂಗಿನ ಗರಿಯದು. ಧೂಳಿಗೆ ಒಂದು, ತರಗೆಲೆಗೆ ಇನ್ನೊಂದು. ಎರಡರ ಗುಣಕ್ಕೂ ಎದುರಾಡುವಂತಿಲ್ಲ, ಕಟ್ಟಿದವರು ಬೆನ್ನಿನ ಲೆಕ್ಕ ಇಟ್ಟಿಲ್ಲ ಅಷ್ಟೇ. ಬೀದಿ ಗುಡಿಸುವ ಪೌರಕಾರ್ಮಿಕರು ಕಡ್ಡಿ ಪೊರಕೆಯನ್ನು ಉದ್ದನೆಯ ಕೋಲಿಗೆ ಬಿಗಿದುಕೊಂಡಿರುವುದನ್ನು ಬೆಳಗಿನ ಹೊತ್ತು ಕಾಣಬಹುದು. ಅಂಗಳಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಯಾವ ಆನ್‌ಲೈನ್ ಅಂಗಡಿಯಲ್ಲೂ ಸಿಗದು.

ಮೇಷ್ಟ್ರು ದೇವರಾಜ ಮಾರುಕಟ್ಟೆಯ ಹತ್ತಿರದ ಅಂಗಡಿಗೆ ಹೋಗಿ ಉದ್ದ ಹಿಡಿಯ ಪೊರಕೆಯೊಂದನ್ನು ನೆಲಕ್ಕೂರಿ, ಗದ್ದಕ್ಕೆ ಬರುತ್ತದೋ ಎಂದು ಅಳೆದರು. “ಪೊರಕೆ ನೆಟ್ಟಗೆ ನಿಲ್ಲಿಸ್ಬೇಡಿ ಸಾರ್, ಲಕ್ಷ್ಮಿ ನಿಲ್ಲಲ್ಲ” ಎಂದರು ಅಂಗಡಿಯವರು. ಪೊರಕೆ ನಿಲ್ಲದಿದ್ದರೆ ತಾವು ನಿಲ್ಲುವಂತಿಲ್ಲ ಎಂದು ಮೇಷ್ಟ್ರು ಅವರಿಗೆ ಹೇಗೆ ತಾನೆ ವಿವರಿಸಿಯಾರು? ಗದ್ದದ ಅಳತೆ ಮಾತ್ರ ಸರಿಯಾದದ್ದೇ. ಹಿಡಿ ಎದೆಗಿಂತ ಕೆಳಗೆ ನಿಂತರೆ ಬಗ್ಗಲೇಬೇಕಾಗುತ್ತದೆ. ಉದ್ದ ಹಿಡಿಯ ಕಸದ ಮೊರವನ್ನೂ ಜೊತೆಗೇ ತಂದುಬಿಡಬೇಕು. ನೆಟ್ಟಗೆ ನಿಂತು ಗುಡಿಸಿ, ಕೊನೆಗೆ ಕಸ ಎತ್ತಲು ಮಡಿಚಿಕೊಂಡರೆ ಮಾಡಿದ್ದೆಲ್ಲ ನೀರುಪಾಲು.

ನೆಲ ಒರೆಸುವ ವಿಷಯದಲ್ಲಿ ಬೆನ್ನುನೋವಿನವರು ನೆನೆಯಬೇಕಾದವರು ಸ್ಪೇನಿನ ಮಾನ್ವೆಲ್ ಹಲೋನ್. ವಿಮಾನಗಳ ಎಂಜಿನಿಯರು. ಅಮೆರಿಕದ ವಾಯುನೆಲೆಗಳಲ್ಲಿ ಕೋಲಿಗೆ ಕಟ್ಟಿದ ಬಟ್ಟೆಯಿಂದ ನೆಲ ಒರೆಸುವುದನ್ನು ಕಂಡು ಬಂದು, 1956ರಲ್ಲಿ ಸರಗೋಸ ನಗರದಲ್ಲಿ ಕೋಲು, ಬಟ್ಟೆ ಮತ್ತು ಹಿಂಡುವ ಬಕೆಟ್ಟನ್ನು ಸೇರಿಸಿ ಮನೆಗಳಿಗೆ ಮಾರತೊಡಗಿದರು. ಅಲ್ಲಿಯವರೆಗೆ ಮಂಡಿಯೂರಿ ನೆಲ ಉಜ್ಜುತ್ತಿದ್ದ ಹೆಂಗಸರು ಎದ್ದು ನಿಂತರು. ವಿಮಾನಗಳಿಗೆ ಮಾಡಿದ್ದಕ್ಕಿಂತ ಇದೇ ದೊಡ್ಡ ಕೆಲಸ ಎನ್ನುವವರನ್ನು ತಡೆಯುವುದು ಕಷ್ಟ.

ಆದರೆ ಮಾಪಿನಲ್ಲಿ ಬೆನ್ನಿಗೆ ಬೀಳುವ ಪೆಟ್ಟು ಕೋಲಿನದಲ್ಲ, ಬಕೆಟ್ಟಿನದು. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ. ಅದನ್ನು ಬಚ್ಚಲಿನ ನಲ್ಲಿಯ ಕೆಳಗಿನಿಂದ ಎತ್ತಿ, ಸೊಂಟ ತಿರುಗಿಸಿ, ಹೊಸ್ತಿಲು ದಾಟಿಸುವುದರಲ್ಲಿ ಆ ಹುಡುಗಿ ಬೇಡವೆಂದ ಮೂರೂ ಒಟ್ಟಿಗೆ ಬರುತ್ತವೆ. ಉಪಾಯವೇನೂ ದುಬಾರಿಯದಲ್ಲ. ಅರ್ಧ ಬಕೆಟ್ ಸಾಕು. ಬಕೆಟ್ಟನ್ನು ಒರೆಸುವ ಕೋಣೆಯಲ್ಲೇ ಇಟ್ಟು ಚೊಂಬಿನಲ್ಲೋ ಪೈಪಿನಲ್ಲೋ ನೀರು ತುಂಬಿಸಬಹುದು. ಸ್ಪಿನ್ ಮಾಪ್ ಕೊಳ್ಳುವುದಾದರೆ ಚಕ್ರ ಉರುಳುತ್ತದೆಯೇ, ಕೊಳೆನೀರು ಬಿಡಲು ಕೆಳಗೆ ಬಿರಡೆ ಇದೆಯೇ ಎಂದು ನೋಡಬೇಕು, ಬಣ್ಣ ಆಮೇಲೆ. ಕೋಲನ್ನು ಮೇಲಿನಿಂದ ಒತ್ತಿದರೆ ತಾನೇ ಗಿರಗಿರ ತಿರುಗಿ ಹಿಂಡಿಕೊಳ್ಳುವಂಥದು ಮೇಲು. ಬಗ್ಗಿ ಬಟ್ಟೆ ಹಿಂಡುವ ಮಾಪಿಗೆ ಕೋಲು ಎಷ್ಟು ಉದ್ದವಿದ್ದರೇನು?

ವ್ಯಾಕ್ಯೂಮ್ ಕ್ಲೀನರಿನ ಕಥೆ ಬೇಗ ಮುಗಿಸಬಹುದು. ಓಹಾಯೊದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಜಾಡಮಾಲಿಯಾಗಿದ್ದ ಜೇಮ್ಸ್ ಸ್ಪ್ಯಾಂಗ್ಲರ್‌ಗೆ ಉಬ್ಬಸ. ಗುಡಿಸಿದರೆ ಧೂಳು, ಧೂಳಿಗೆ ಕೆಮ್ಮು. ಆತ ಫ್ಯಾನಿನ ಮೋಟಾರಿಗೆ ದಿಂಬಿನ ಚೀಲ ಕಟ್ಟಿ ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು, ಹೂವರ್ ಎಂಬವರು ಅದನ್ನು ಕೊಂಡು ಹೆಸರು ಮಾಡಿದರು. ಆತನ ತೊಂದರೆ ಎದೆಯದು, ಬೆನ್ನಿನದಲ್ಲ. ಹಾಗಾಗಿ ಈಗ ಬರುವ ಕಡ್ಡಿ ಮಾದರಿಯ ಕ್ಲೀನರುಗಳನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಕೊಂಚ ಓಡಾಡಿ ನೋಡಬೇಕು. ಮೋಟಾರು ಮುಷ್ಟಿಯ ಹತ್ತಿರವೇ ಇದ್ದರೆ ಭಾರವೆಲ್ಲ ಮಣಿಕಟ್ಟಿಗೆ. ಬಾಯಿ ಚಪ್ಪಟೆಯಾಗಿ ಮಂಚದಡಿ ಹೋಗದಿದ್ದರೆ, ಅದನ್ನು ಹಿಡಿದವರೇ ಹೋಗಬೇಕಾಗುತ್ತದೆ.

ಇನ್ನು ರೋಬೋ. 2002ರಲ್ಲಿ ಅಮೆರಿಕದಲ್ಲಿ ತಾನೇ ಓಡಾಡಿ ಗುಡಿಸುವ ರೂಂಬಾ ಬಂದಾಗಿನಿಂದ ಮನುಷ್ಯ ಬಗ್ಗುವುದೇ ಬೇಡ ಎಂಬ ಮಾತಿದೆ. ಮಗಳು ಅಲ್ಲಿಂದಲೇ ಆರ್ಡರ್ ಮಾಡಿ ಮೇಷ್ಟ್ರ ಮನೆಗೂ ಒಂದು ತಲುಪಿಸಿದಳು. ಸಮತಟ್ಟಾದ ಹಾಲ್‌ನಲ್ಲಿ ಅದು ಮರ್ಯಾದೆಯಿಂದಲೇ ಗುಡಿಸಿತು. ಆಮೇಲೆ ಅಡುಗೆಮನೆಯ ಹಳೆಯ ಹೊಸ್ತಿಲಿಗೆ ಬಂದು ಹಣೆ ಚಚ್ಚಿಕೊಂಡಿತು. ದೇವರ ಮುಂದಿನ ರಂಗೋಲಿಯನ್ನು ಕಸವೆಂದು ತಿಳಿದು ನುಂಗಿತು. ಫೋನಿನ ಚಾರ್ಜರ್ ವೈರನ್ನು ಸುತ್ತಿಕೊಂಡು ಮಂಚದಡಿಯ ಗೋಡೆಪಕ್ಕಕ್ಕೆ ಹೋಗಿ, ತನಗೆ ಸಹಾಯ ಬೇಕೆಂದು ಇಂಗ್ಲಿಷಿನಲ್ಲಿ ಕೂಗಿತು. ಬೆನ್ನು ಬಗ್ಗಿಸಬಾರದೆಂದು ತರಿಸಿದ ಯಂತ್ರವನ್ನು ಈಚೆಗೆಳೆಯಲು ಮೇಷ್ಟ್ರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕಾಯಿತು. ಪಾರ್ಕಿನ ಗೆಳೆಯರ ಭುಜಂಗಾಸನ ಅಲ್ಲಿ ತಾನಾಗಿಯೇ ಆಯಿತೆನ್ನಿ. ಹೊಸ್ತಿಲಿಲ್ಲದ ಫ್ಲ್ಯಾಟಿಗೆ ರೋಬೋ ಒಳ್ಳೆಯ ಆಳು. ಹಳೆಯ ಮನೆಯಲ್ಲಿ ಅದೇ ಒಂದು ಕೂಸು.

ಉದ್ದ ಪೊರಕೆ, ಉದ್ದ ಮೊರ, ಚಕ್ರದ ಬಕೆಟ್ಟು ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಮೇಷ್ಟ್ರು ಹೆಂಡತಿಗೆ ಫೋನಿನಲ್ಲಿ ತೋರಿಸಿದರು.

“ಈಗ ತಂದ್ರಾ?” ಎಂದರು ಅವರು.

ಆ ‘ಈಗ’ದ ಮೇಲೆ ಬಿದ್ದ ಒತ್ತಡವನ್ನು ವಿಲ್ಕೆಯ ಸಂವೇದಕವೂ ಅಳೆಯಲಾರದು.

ಜಾತ್ರೆ ಮುಗಿಸಿ ಬಂದ ಕೆಲಸದಾಕೆ ಹೊಸ ಮಾಪನ್ನು ಮೂಲೆಗೊರಗಿಸಿ, ಹಳೆಯ ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಯಾಕೆಂದು ಕೇಳಿದ್ದಕ್ಕೆ, “ಕೋಲಲ್ಲಿ ಒರೆಸಿದ್ರೆ ಮೂಲೆ ಬರಲ್ಲ ಅಂತ ಬೇರೆ ಮನೆ ಅಮ್ಮೋರು ಬೈತಾರೆ ಸಾರ್, ಕೈ ಅದಕ್ಕೇ ಒಗ್ಗೋಗಿದೆ” ಎಂದರು. ಮೂಲೆಯ ಈ ವಾದಕ್ಕೂ ಕ್ಯಾಲಿಫೋರ್ನಿಯಾದ ಬೆಳೆಯ ವಾದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದೇ ಬೆಳಗಿನಲ್ಲಿ ನಾಲ್ಕೈದು ಮನೆಯ ನೆಲ ಒರೆಸುವವರ ಸೊಂಟದಲ್ಲಿರುವುದೂ ಅವೇ ಬಿಲ್ಲೆಗಳು. ಮನೆಯೊಡೆಯರಿಗೆ ನೋವು ಬಂದಮೇಲಷ್ಟೇ ಮನೆಗೆ ಉದ್ದ ಕೋಲು ಬರುವುದು ಸರಿಯಲ್ಲ.

ಆದ್ದರಿಂದ ಈ ಸಲ ಹಬ್ಬದ ಸಾಮಾನಿನ ಪಟ್ಟಿಯಲ್ಲಿ ಪೊರಕೆಯೋ ಮಾಪೋ ಇದ್ದರೆ, ಅದನ್ನು ದಿನವೂ ಹಿಡಿಯುವವರು ಯಾರೋ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಹೆಂಡತಿಯಾಗಲಿ, ಅತ್ತೆಯಾಗಲಿ, ಕೆಲಸದವರಾಗಲಿ, ಅವರ ಗದ್ದಕ್ಕೇ ಅಳತೆ ನೋಡಿ. ಹಿಡಿಯುವವರು ಇಬ್ಬರಿದ್ದು ಎತ್ತರ ಬೇರೆ ಬೇರೆಯಾಗಿದ್ದರೆ ಎಳೆದು ಉದ್ದ ಮಾಡುವ ಕೋಲು ಕೇಳಿ. ಅಂಗಡಿಯವರು ಲಕ್ಷ್ಮಿಯ ಹೆಸರೆತ್ತಿದರೂ ನೆಟ್ಟಗೆ ನಿಲ್ಲಿಸಿಯೇ ಅಳೆಯಿರಿ.