ಹುಬ್ಬಳ್ಳಿ–ಹಿಂಡನ್: ದೂರ ಮತ್ತು ಕಾಲದ ಶಾಸ್ತ್ರೀಯ ವಿವೇಚನೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೆಂದರೆ ಭೂಮಿಯ ಬೆನ್ನಿನ ಮೇಲೆ ಅವನ್ನು ಜೋಡಿಸುವ ಅತಿ ಚಿಕ್ಕ ಕಮಾನು. ಭೂಮಿಯ ಕೇಂದ್ರವೇ ಕೇಂದ್ರವಾಗಿರುವ ವೃತ್ತದ ತುಣುಕಾದ್ದರಿಂದ ಇದನ್ನು ಮಹಾವೃತ್ತ ದೂರ ಎನ್ನುತ್ತಾರೆ. ಉಡಾನ್ ಯೋಜನೆಯಡಿ 2019ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ದಿಲ್ಲಿಯ ಮಗ್ಗುಲಿನ ಗಾಜಿಯಾಬಾದಿನ ಹಿಂಡನ್‌ಗೆ ಐವತ್ತು ಆಸನಗಳ ವಿಮಾನ ಹಾರತೊಡಗಿದಾಗ ಈ ವಿವೇಚನೆ ಧಾರವಾಡ ಜಿಲ್ಲೆಗೆ ಅನಿವಾರ್ಯವಾಯಿತು. ಎರಡೂ ಊರುಗಳ ಅಕ್ಷಾಂಶದ ಅಂತರ ಹದಿಮೂರೂ ಕಾಲು ಡಿಗ್ರಿಗಿಂತ ತುಸು ಹೆಚ್ಚು, ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 1,480 ಕಿ.ಮೀ.; ಒಟ್ಟು 1,500 ಕಿ.ಮೀ.ಯಲ್ಲಿ ಉಳಿದ ಇಪ್ಪತ್ತು ಕಿ.ಮೀ. ಹಿಂಡನ್ ಪೂರ್ವಕ್ಕೆ ವಾಲಿದ ತಪ್ಪಿಗೆ ತೆರುವ ದಂಡ. ಕಾಲ, ಎರಡೂವರೆ ಗಂಟೆಯ ಆಸುಪಾಸು.

ಇದನ್ನು ಯಾವ ಮೊಬೈಲಾದರೂ ಹೇಳುತ್ತದೆಂದು ಮೂಗು ಮುರಿಯುವ ಮೊಮ್ಮಕ್ಕಳಿಗೆ ದೂರವನ್ನು ಕೈಯಾರೆ ಮುಟ್ಟಿ ತಿಳಿಯುವ ಸುಖ ಗೊತ್ತಿಲ್ಲವಾದ್ದರಿಂದ, ಅದೇ ಜಿಲ್ಲೆಯ ನವಲಗುಂದದ ಪಡಸಾಲೆಯೊಂದರಲ್ಲಿ ಮೂವತ್ತು ಸೆಂ.ಮೀ. ವ್ಯಾಸದ ಶಾಲಾ ಗೋಲ ಮತ್ತು ಹೂ ಕಟ್ಟುವ ದಾರ ಹಿಡಿದು ಪ್ರಬಂಧಕಾರ ನಡೆಸಿದ ಪ್ರಯೋಗವನ್ನು ವಿಸ್ತಾರವಾಗಿ ದಾಖಲಿಸುವುದು ಉಚಿತ. ಇಂಥ ಗೋಲದಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ.; ಎಂದಮೇಲೆ ಪ್ರಯಾಣ ಮೂರೂವರೆ ಸೆಂ.ಮೀ. ಮಾತ್ರ. ದಾರದ ದಕ್ಷಿಣ ತುದಿಗೆ ನೇಮಕಗೊಂಡ ಅಜ್ಜಿಯ ಹೆಬ್ಬೆರಳು, ಆಯುಷ್ಯವೆಲ್ಲ ರೊಟ್ಟಿ ಬಡಿದು ಎರಡು ಸೆಂ.ಮೀ. ಅಗಲವಾಗಿದ್ದರಿಂದ, ಪುಣೆಯಿಂದ ಬೆಂಗಳೂರಿನವರೆಗಿನ ಸೀಮೆಯನ್ನೆಲ್ಲ ಮುಚ್ಚಿತು. ಉತ್ತರದಲ್ಲಿ ಪ್ರಬಂಧಕಾರನ ಹೆಬ್ಬೆರಳು ಜೈಪುರವನ್ನೂ ಶಿಮ್ಲಾವನ್ನೂ ನುಂಗಿತು. ನಡುವೆ ಉಳಿದ ಒಂದೂವರೆ ಸೆಂ.ಮೀ.ಯಲ್ಲಿ ಉತ್ತರ ಮಹಾರಾಷ್ಟ್ರವೂ ಮಧ್ಯಪ್ರದೇಶವೂ ಉಸಿರು ಬಿಗಿಹಿಡಿದು ಕುಳಿತವು. "ತಮ್ಮಾ, ನನ್ನ ಬಟ್ಟಿನ ಕೆಳಗ ನಮ್ಮ ನವಲಗುಂದನೂ ಐತೇನು?" ಎಂದು ಅಜ್ಜಿ ಕೇಳಿದರು. "ಐತಿ" ಎಂದದ್ದೇ ತಡ, ಊರಿಗೆ ನೋವಾದೀತೆಂದು ಅವರು ಬೆರಳೆತ್ತಿದ್ದರಿಂದ ದಾರ ಜಾರಿ ಶ್ರೀಲಂಕೆಗೆ ಹೋಯಿತು. ಪ್ರಯೋಗವನ್ನು ಮತ್ತೆ ಮೊದಲಿನಿಂದ, ಈ ಸಲ ಹಗುರವಾಗಿ ಒತ್ತಿ, ಆರಂಭಿಸಬೇಕಾಯಿತು.

ಇನ್ನು ಕಾಲದ ವಿಚಾರ. ವಿಮಾನಯಾನದವರು ಚಕ್ರಕ್ಕೆ ಕೊಟ್ಟ ಅಡ್ಡೆ ತೆಗೆದಲ್ಲಿಂದ ಮತ್ತೆ ಕೊಡುವವರೆಗಿನ ಅವಧಿಯನ್ನು ಬ್ಲಾಕ್ ಟೈಮ್ ಎಂದು ಕರೆದು ಕೈತೊಳೆದುಕೊಳ್ಳುತ್ತಾರೆ. ನವಲಗುಂದದಿಂದ ಗೋಕುಲ ರಸ್ತೆಯ ನಿಲ್ದಾಣದವರೆಗಿನ ನೇರ ದೂರ ಗೋಲದ ಮೇಲೆ ಒಂದು ಮಿಲಿಮೀಟರ್‌ಗೂ ಕಡಿಮೆ. ಆದರೆ ಬಸ್ಸು, ಆಟೊ, ಎರಡು ತಾಸು ಮುಂಚೆ ಬರಬೇಕೆಂಬ ನಿಯಮ, ಒಬ್ಬನನ್ನು ಕಳಿಸಲು ಕ್ರೂಸರ್ ತುಂಬ ಬಂದ ಬಳಗ, ಎಲ್ಲ ಸೇರಿ ಈ ಮಿಲಿಮೀಟರೇ ಮೂರೂವರೆ ಸೆಂ.ಮೀ.ಗಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ಯಮನೂರಿನ ಹೊಲಗಳನ್ನು ಮುಳುಗಿಸಿದರೆ ಲೆಕ್ಕವೇ ಬಂದ್.

ದಿಲ್ಲಿಯೊಂದಿಗೆ ನವಲಗುಂದ ತಾಲ್ಲೂಕಿನ ವ್ಯವಹಾರ ವಿಮಾನಕ್ಕಿಂತ ಹಳೆಯದು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಬೇಡಿಕೆ ಇಲ್ಲಿಂದ ಹೊರಟು ದಶಕಗಳಾದವು. 2016ರ ಜುಲೈನಲ್ಲಿ ಅದನ್ನು ಕೇಳಿದ ಯಮನೂರಿನ ಜನ ಪೊಲೀಸರ ಲಾಠಿ ಏಟು ತಿಂದರು. ದಿಲ್ಲಿಯಲ್ಲಿ ಕುಳಿತ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಈ ಯೋಜನೆಗೆ 3.9 ಟಿಎಂಸಿ, ಅಂದರೆ 390 ಕೋಟಿ ಘನ ಅಡಿ ನೀರು ಕೊಟ್ಟಿತು. ಆ ತೀರ್ಪು ಕೇಂದ್ರದ ರಾಜಪತ್ರ ತಲುಪಿದ್ದು 2020ರ ಫೆಬ್ರುವರಿ 27ರಂದು. ನ್ಯಾಯಮಂಡಳಿ, ರಾಜಪತ್ರ ಎರಡೂ ಒಂದೇ ಊರಿನವಾದ್ದರಿಂದ ಮಹಾವೃತ್ತ ದೂರ ಹೆಚ್ಚುಕಡಿಮೆ ಸೊನ್ನೆ, ಬ್ಲಾಕ್ ಟೈಮ್ ಹದಿನೆಂಟು ತಿಂಗಳು.