ಬೆನ್ನು ತಟ್ಟದ ಬ್ಯಾಂಜೊ

ಓಡುವವರ ಕಿವಿಗೆಂದೇ ಹೊಸೆದ ಹಾಡುಗಳಷ್ಟು ಮುಖಸ್ತುತಿ ಹಿಂದಿನ ಆಸ್ಥಾನಗಳಲ್ಲೂ ಇದ್ದಿರಲಾರದು. ನೀನು ಹುಲಿ, ನೀನು ಬೆಂಕಿ, ನಿನ್ನನ್ನು ತಡೆಯುವವನು ಇನ್ನೂ ಹುಟ್ಟಿಲ್ಲ ಎಂದು ಯಾವನೋ ಕಿವಿಯೊಳಗೆ ಅರಚುತ್ತಿರುತ್ತಾನೆ. ಹೊರಗೆ ನೋಡಿದರೆ ಹುಲಿಯ ಮಂಡಿಗೆ ಕ್ರೇಪ್ ಬ್ಯಾಂಡೇಜು, ಸೊಂಟಕ್ಕೆ ನೀರಿನ ಬಾಟಲಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಾಯಿ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತಲೇ ಹುಲಿಯನ್ನು ಹಿಂದೆ ಹಾಕಿ ಹೋಗುತ್ತಿರುತ್ತಾರೆ.

ನನ್ನ ಅಕ್ಕನ ಮಗ ಇಂಥ ಹುಲಿಗಳ ಪೈಕಿ. ನಾವಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಹತ್ತಿರದಲ್ಲೇ ಅಮೆರಿಕನ್ ಟೊಬ್ಯಾಕೊ ಟ್ರೇಲ್ ಎಂಬ ದಾರಿಯಿದೆ. ಒಂದು ಕಾಲಕ್ಕೆ ಡರ್ಹಮ್‌ನ ಸಿಗರೇಟು ಕಾರ್ಖಾನೆಗಳಿಗೆ ಹೊಗೆಸೊಪ್ಪು ಹೊತ್ತ ರೈಲು ಓಡುತ್ತಿದ್ದ ಹಾದಿ ಅದು. ಈಗ ಹಳಿ ಕಿತ್ತು ಜನ ಓಡುತ್ತಾರೆ, ಸುಮಾರು 35 ಕಿಲೋಮೀಟರ್ ಉದ್ದಕ್ಕೂ. ಲಕ್ಷಾಂತರ ಜನರ ಶ್ವಾಸಕೋಶ ಕೆಡಿಸಿದ ಹಾದಿಯಲ್ಲೇ ಶ್ವಾಸಕೋಶ ರಿಪೇರಿ ಮಾಡಿಸಿಕೊಳ್ಳುವುದು ಅಮೆರಿಕಕ್ಕೆ ಮಾತ್ರ ಹೊಳೆಯುವ ಐಡಿಯಾ. ಹುಡುಗ ಅಲ್ಲಿಗೆ ಬರುವುದು ವಾಚು, ಎದೆಪಟ್ಟಿ ಕಟ್ಟಿಕೊಂಡು, 'ಬೀಸ್ಟ್ ಮೋಡ್' ಎಂದೋ ಏನೋ ಹೆಸರಿಟ್ಟ ಪ್ಲೇಲಿಸ್ಟ್ ಸಮೇತ. ನಾನು ಹೋಗುವುದು ಬ್ಲೂಗ್ರಾಸ್ ಕೇಳಿಕೊಂಡು.

ಬ್ಲೂಗ್ರಾಸ್ ಎಂದರೆ ಏನೆಂದು ಕೇಳಿದರೆ ನನ್ನ ಹೆಂಡತಿಯ ವ್ಯಾಖ್ಯಾನವೇ ಚೆನ್ನಾಗಿದೆ: "ಕಾದ ಬಾಣಲೆಗೆ ಸಾಸಿವೆ ಹಾಕಿ ಮುಚ್ಚಳ ಮುಚ್ಚೋದು ಮರೆತ ಹಾಗಿದೆ ಕಣ್ರೀ." ಆ ಸಾಸಿವೆಯೇ ಬ್ಯಾಂಜೊ. ಜೊತೆಗೆ ಫಿಡಲ್, ಗಿಟಾರು, ಮ್ಯಾಂಡೊಲಿನ್, ಆಳೆತ್ತರದ ಬಾಸು. ಡ್ರಮ್ ಇಲ್ಲ. ಇದನ್ನು ಕಟ್ಟಿ ನಿಲ್ಲಿಸಿದವರು ಬಿಲ್ ಮನ್ರೋ, ಕೆಂಟಕಿಯ ರೋಸೀನ್ ಎಂಬ ಹಳ್ಳಿಯವರು, 1911ರಲ್ಲಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಕಡೆಯವರಾದ್ದರಿಂದ ಮನೆಯ ಫಿಡಲ್ಲೂ ಗಿಟಾರೂ ಅಣ್ಣಂದಿರ ಪಾಲಾಗಿ, ಇವರಿಗೆ ದಕ್ಕಿದ್ದು ಮ್ಯಾಂಡೊಲಿನ್. ಅದೂ ಪೂರ್ತಿಯಲ್ಲ: ಸದ್ದು ಜಾಸ್ತಿಯಾಗುತ್ತದೆಂದು ಎಂಟು ತಂತಿಯಲ್ಲಿ ನಾಲ್ಕೇ ಇಟ್ಟುಕೊಂಡು ನುಡಿಸು ಎಂದರಂತೆ. ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ಅವರೂ ಜೋಡಿ ತಂತಿ ಬಿಟ್ಟು ಒಂಟಿ ತಂತಿಗಳಲ್ಲೇ ನುಡಿಸಿದರು, ಆದರೆ ಅದು ಗಮಕಕ್ಕಾಗಿ. ಮನ್ರೋ ಪಾಲಿಗೆ ಬಂದದ್ದು ಮನೆಯವರ ನೆಮ್ಮದಿಗಾಗಿ. ಕಡೇ ಮಗನಿಗೆ ಸಿಟ್ಟು ಬರದೇ ಇರುತ್ತದೆಯೇ? ದೊಡ್ಡವರಾದ ಮೇಲೆ ಎಂಟೂ ತಂತಿಯನ್ನು ಒಟ್ಟಿಗೇ ಚಚ್ಚಿದರು. ತಂತಿ ಮೀಟಿ ತಕ್ಷಣ ನಾದವನ್ನು ಅದುಮಿಬಿಡುವ ಆ ಪೆಟ್ಟಿಗೆ 'ಚಾಪ್' ಎನ್ನುತ್ತಾರೆ. ಡ್ರಮ್ ಇಲ್ಲದ ಮೇಳದಲ್ಲಿ ಡ್ರಮ್ಮಿನ ಕೆಲಸ ಮಾಡುವುದೇ ಅದು.

ಓಟದವರು ಕಿವಿಗೊಡಬೇಕಾದ ಜಾಗ ಇದೇ. ಬಾಸು 'ಧುಂ' ಎನ್ನುತ್ತದೆ, ಮ್ಯಾಂಡೊಲಿನ್ 'ಚಕ್' ಎನ್ನುತ್ತದೆ. ವೇಗದ ಹಾಡಿನಲ್ಲಿ ಧುಮ್ಮಿಗೊಂದು ಹೆಜ್ಜೆ ಇಟ್ಟುಕೊಂಡು ಓಡಿ ನೋಡಿ. ಆಗ ಚಕ್ ಬೀಳುವುದು ಎಲ್ಲಿ ಗೊತ್ತೇ? ಎರಡು ಹೆಜ್ಜೆಗಳ ನಡುವೆ, ಎರಡೂ ಪಾದ ನೆಲ ಬಿಡುವ ಗಳಿಗೆಯ ಆಸುಪಾಸಿನಲ್ಲಿ! ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ಆ ಒಂದು ಗಳಿಗೆಯೇ ತಾನೆ. ಬೇರೆ ಸಂಗೀತವೆಲ್ಲ ನೀವು ನೆಲ ಕುಟ್ಟುವುದನ್ನು ಲೆಕ್ಕ ಹಾಕಿದರೆ, ಇದು ನೀವು ಗಾಳಿಯಲ್ಲಿದ್ದೀರಿ ಎಂಬುದಕ್ಕೂ ಸಾಕ್ಷಿ ಹೇಳುತ್ತದೆ. ನನ್ನಂಥವನಿಗೆ ಆ ಸಾಕ್ಷಿ ಬಹಳ ಮುಖ್ಯ, ಏಕೆಂದರೆ ನೋಡುವವರಿಗೆ ಅದು ಕಾಣುವುದಿಲ್ಲ.

ಸರಿ, ವೇಗ ಎಷ್ಟಿರಬೇಕು? ಅಕ್ಕನ ಮಗನ ಹತ್ತಿರ ಉತ್ತರ ರೆಡಿ. "ಮಾಮ, ನಿಮಿಷಕ್ಕೆ ನೂರ ಎಂಬತ್ತು ಹೆಜ್ಜೆ ಇರ್ಬೇಕು. ಜ್ಯಾಕ್ ಡೇನಿಯಲ್ಸ್ ಹೇಳಿದಾರೆ."

"ಬೆಳಿಗ್ಗೆ ಬೆಳಿಗ್ಗೆ ಯಾಕೋ ಆ ಹೆಸರು," ಎಂದಳು ಅವನ ಅತ್ತೆ, ಕಾಫಿ ಲೋಟ ಕುಕ್ಕುತ್ತಾ.

ಪಾಪ, ಅವನು ಹೇಳಿದ್ದು ಟೆನ್ನೆಸ್ಸೀಯ ವಿಸ್ಕಿಯ ವಿಷಯವಲ್ಲ. ಅದೇ ಹೆಸರಿನ ಕೋಚ್ ಒಬ್ಬರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೂತು ಓಟಗಾರರ ಹೆಜ್ಜೆ ಎಣಿಸಿದರು. ಹೆಚ್ಚುಕಡಿಮೆ ಎಲ್ಲರೂ 180 ಅಥವಾ ಅದಕ್ಕೂ ಮೇಲೆ. ಅಂದಿನಿಂದ ಈ ಸಂಖ್ಯೆ ಓಟದವರ ಗಾಯತ್ರಿ. ಆದರೆ ಅವರು ಎಣಿಸಿದ್ದು ಒಲಿಂಪಿಕ್ಸಿಗೆ ಬಂದವರ ಹೆಜ್ಜೆಯನ್ನು, ಅದೂ ಪದಕಕ್ಕಾಗಿ ಓಡುತ್ತಿದ್ದಾಗ. ಭಾನುವಾರದ ದೋಸೆ ಜೀರ್ಣಿಸಲು ಹೊರಟವರನ್ನು ಎಣಿಸಿದ್ದರೆ ಬೇರೆ ಗಾಯತ್ರಿಯೇ ಹುಟ್ಟುತ್ತಿತ್ತು. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮಕ್ಕೂ ಸಂಗೀತಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕಾಸ್ಟಾಸ್ ಕರಗಾರ್ಗಿಸ್ ಅವರ ಮಾತು ನನಗೆ ಹೆಚ್ಚು ಹಿಡಿಸುತ್ತದೆ. ಹದವಾಗಿ ಓಡುವಾಗ ಸಂಗೀತವಿದ್ದರೆ ಆಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಏದುಸಿರಿನ ಮಟ್ಟಕ್ಕೆ ಹೋದ ಮೇಲೆ ಮಾತ್ರ ಸಂಗೀತದ ಆಟ ಅಷ್ಟಾಗಿ ನಡೆಯುವುದಿಲ್ಲ. ಹಾಗಾದರೆ ಕೊನೆಯ ಕಿಲೋಮೀಟರಿನಲ್ಲಿ ಹುಲಿ, ಬೆಂಕಿ ಎಂದು ಅರಚುವವನು ಸುಮ್ಮನೆ ಗಂಟಲು ನೋಯಿಸಿಕೊಳ್ಳುತ್ತಿದ್ದಾನೆ ಎಂದಾಯಿತು.

ಬ್ಯಾಂಜೊ ಬಗ್ಗೆ ಒಂದು ಎಚ್ಚರಿಕೆ ಕೊಡಬೇಕು. 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದರ ಹುಡುಗ, ನಮ್ಮ ನಾರ್ತ್ ಕೆರೊಲಿನಾದವನೇ, ಮನ್ರೋ ಮೇಳ ಸೇರಿದ. ಮೂರು ಬೆರಳಿನಲ್ಲಿ ಅವನು ಬ್ಯಾಂಜೊ ಮೀಟುತ್ತಿದ್ದ ರೀತಿ ಕೇಳಿ ಜನ ಹುಚ್ಚಾದರು. ಒಳಗಿನ ಲೆಕ್ಕ ನಮಗೇನೂ ಹೊಸದಲ್ಲ: ಎಂಟು ಮಾತ್ರೆಯನ್ನು ಮೂರು, ಮೂರು, ಎರಡು ಎಂದು ಒಡೆಯುವುದು. ತಕಿಟ ತಕಿಟ ತಕ. ಮೃದಂಗದವರ ಮನೆಯ ಮಗುವಿಗೂ ಗೊತ್ತಿರುವ ಪಾಠ. ಆದರೆ ಚಪ್ಪಾಳೆ ತಟ್ಟುತ್ತಾ ಕೂತಿರುವಾಗ ಅದು ಸುಲಭ. ಕಾಲು ಓಡುತ್ತಿರುವಾಗ ಕಿವಿ 'ತಕಿಟ'ದ ಹಿಂದೆ ಹೋಯಿತೋ, ಬಲಗಾಲು ಎಡಗಾಲನ್ನು ಕೇಳಲು ಶುರುಮಾಡುತ್ತದೆ, ಈಗ ಯಾರ ಸರದಿ ಅಂತ. ಹಾಗಾಗಿ ಹೊಸಬರು ಕಿವಿಯನ್ನು ಬಾಸಿಗೇ ಒಪ್ಪಿಸಿ, ಬ್ಯಾಂಜೊವನ್ನು ಅದರ ಪಾಡಿಗೆ ಬಿಡುವುದು ಕ್ಷೇಮ.

ಇನ್ನು ಸಾಹಿತ್ಯ. ರಾಗ ಕೇಳಿದರೆ ಮದುವೆ ಮನೆ, ಮಾತು ಕೇಳಿದರೆ ಪೊಲೀಸ್ ಸ್ಟೇಷನ್. ಕೊಲೆ, ನೇಣು, ಜೈಲು, ಕಳ್ಳಭಟ್ಟಿ, ರೈಲು ಅಪಘಾತ, ಎಲ್ಲ ಹಲ್ಲು ಕಿರಿದುಕೊಂಡೇ. ಅದರಲ್ಲೂ ಗಮನಿಸಿ, ಈ ಹಾಡುಗಳಲ್ಲಿ ಓಡಿದವನು ಯಾರೂ ಉದ್ಧಾರವಾಗಿಲ್ಲ. ಟಾಮ್ ಡೂಲಿ ಎಂದು ಹಾಡುಗಳಲ್ಲಿ ಪ್ರಸಿದ್ಧನಾದ ಟಾಮ್ ಡ್ಯೂಲ, ಲಾರಾ ಫಾಸ್ಟರ್ ಎಂಬ ಹುಡುಗಿಯ ಕೊಲೆಯಾದ ಮೇಲೆ ಓಡಿದ, ಗಡಿ ದಾಟಿ ಟೆನ್ನೆಸ್ಸೀ ತಲುಪಿದ. ಹಿಡಿದು ತಂದು 1868ರಲ್ಲಿ ನಮ್ಮ ರಾಜ್ಯದ ಸ್ಟೇಟ್ಸ್‌ವಿಲ್‌ನಲ್ಲಿ ನೇಣು ಹಾಕಿದರು. ಇನ್ನೊಂದು ಹಾಡಿನ ಕಥೆ ರೈಲಿನದು: 1903ರ ಸೆಪ್ಟೆಂಬರಿನಲ್ಲಿ 97ನೇ ನಂಬರಿನ ಟಪಾಲು ರೈಲು ತಡವಾಗಿ ಹೊರಟಿತು. ತಡವಾದರೆ ರೈಲ್ವೆಗೆ ದಂಡ. ಕಳೆದ ಹೊತ್ತನ್ನು ಇಳಿಜಾರಿನಲ್ಲಿ ಹೊಂದಿಸಿಕೊಳ್ಳೋಣ ಎಂದುಕೊಂಡ ಡ್ರೈವರ್. ಡ್ಯಾನ್‌ವಿಲ್ ಹತ್ತಿರದ ತಿರುವಿನ ಸೇತುವೆಯಿಂದ ರೈಲು ಕೆಳಗೆ ಬಿತ್ತು, ಹನ್ನೊಂದು ಜನ ಸತ್ತರು. ಮೊದಲರ್ಧ ಸೋಮಾರಿಯಾಗಿ ಓಡಿ ಇಳಿಜಾರಿನಲ್ಲಿ ಟೈಮು ಸರಿದೂಗಿಸುವ ಹಾಫ್ ಮ್ಯಾರಥಾನಿಗರಿಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ಎಲ್ಲಿ ಸಿಗಬೇಕು? ಅದನ್ನೂ ರೈಲು ಹಾದಿಯ ಮೇಲೇ ಓಡುತ್ತಾ ಕೇಳುವ ಭಾಗ್ಯ ಬೇರೆ.

ನೇರವಾಗಿ ರೇಸಿನ ಮೇಲೆಯೇ ಒಂದು ಹಾಡಿದೆ, ಮನ್ರೋ 1947ರಲ್ಲಿ ಧ್ವನಿಮುದ್ರಿಸಿದ 'ಮಾಲಿ ಅಂಡ್ ಟೆನ್‌ಬ್ರೂಕ್ಸ್'. 1878ರ ಜುಲೈ 4ರಂದು ಕೆಂಟಕಿಯ ಲೂಯಿವಿಲ್‌ನಲ್ಲಿ ಎರಡು ಕುದುರೆ ಓಡಿದ ಕಥೆ: ಊರಿನ ಗಂಡುಕುದುರೆ ಟೆನ್ ಬ್ರೋಕ್, ಕ್ಯಾಲಿಫೋರ್ನಿಯಾದಿಂದ ಬಂದ ಹೆಣ್ಣುಕುದುರೆ ಮಾಲಿ ಮೆಕಾರ್ಟಿ. ಊರಿನ ಕುದುರೆ ಗೆದ್ದಿತು. ಮಾಲಿ ಸೋತಳು, ಅಷ್ಟೇ, ಸಾಯಲಿಲ್ಲ. ಹಾಡಿನವರಿಗೆ ಅಷ್ಟು ಸಾಲದು, ಆಕೆಯನ್ನು ಮಣ್ಣು ಮಾಡಿಯೇ ಮುಗಿಸುತ್ತಾರೆ. ಮೊದಲ ಸಲ ಇದನ್ನು ಕೇಳಿಸಿದಾಗ ಹುಡುಗ ಕಿವಿಯಿಂದ ಇಯರ್‌ಬಡ್ ಕಿತ್ತು, "ಏನ್ ಮಾಮ ಇದು, ರೇಸ್ ಸೋತ್ರೆ ಹೂತುಬಿಡ್ತಾರಾ?" ಎಂದ. ನೀನು ಹುಲಿ ಎನ್ನುವ ಹಾಡಿಗಿಂತ ಇದು ಹೆಚ್ಚು ಓಡಿಸುತ್ತದೆ ಎಂಬುದು ನನ್ನ ವಾದ. ಹೊಗಳಿದರೆ ಕಾಲು ಸಡಿಲವಾಗುತ್ತದೆ. ಹಿಂದೆ ಪೊಲೀಸರು ಬರುತ್ತಿದ್ದಾರೆ ಎಂದರೆ ಯಾರ ಕಾಲಾದರೂ ತಾನಾಗಿ ಏಳುತ್ತದೆ.

ವಯಸ್ಸಾದ ಮಂಡಿಗಳಿಗೆ ಮಾತ್ರ ನನ್ನ ಶಿಫಾರಸು ಬೇರೆ: ಬ್ಲೂಗ್ರಾಸಿಗಿಂತ ಹಳೆಯದಾದ ಸ್ಟ್ರಿಂಗ್ ಬ್ಯಾಂಡ್ ಸಂಗೀತ, ಇಲ್ಲಿನವರು ಓಲ್ಡ್-ಟೈಮ್ ಎನ್ನುವುದು. ಗಿರಣಿ ಕೆಲಸ ಮಾಡಿ ಬಂದು ಬ್ಯಾಂಜೊ ಹಿಡಿಯುತ್ತಿದ್ದ ಚಾರ್ಲಿ ಪೂಲ್, ನಮ್ಮಲ್ಲಿಂದ ಸ್ವಲ್ಪವೇ ದೂರದ ಮೆಬೇನ್‌ನಲ್ಲಿ ಫಿಡಲ್ ನುಡಿಸುತ್ತಿದ್ದ ಜೋ ಥಾಮ್ಸನ್, ಆ ಅಜ್ಜನ ಮನೆಗೆ ಹೋಗಿ ಕಲಿತ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ಮೇಳ, ಇವರೆಲ್ಲ ಈ ದಾರಿಯವರು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ ಎಂಬುದನ್ನು ಬಿಳಿಯರ ಮೇಳಗಳು ಬಹುಕಾಲ ಮರೆತೇಬಿಟ್ಟಿದ್ದವು. ಥಾಮ್ಸನ್‌ರಂಥ ಕಪ್ಪು ಕಲಾವಿದರು ಮರೆತಿರಲಿಲ್ಲ. ಬ್ಲೂಗ್ರಾಸಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಮುಂದೆ ಬಂದು ಮೆರೆಯುತ್ತಾರೆ. ಇಲ್ಲಿ ಮೆರೆಯುವವರಿಲ್ಲ. ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ, ಸುತ್ತು ಸುತ್ತು, ಸುತ್ತು ಸುತ್ತು. ಕುಣಿತಕ್ಕೆಂದು ಹುಟ್ಟಿದ್ದರಿಂದ ಸುತ್ತಿನ ಅಳತೆಯೂ ಹೆಜ್ಜೆಯದೇ: ಸಾಮಾನ್ಯವಾಗಿ ಸುತ್ತಿಗೆ 64 ಹೆಜ್ಜೆ. ನಿಮಿಷಕ್ಕೆ ಎರಡು ಸುತ್ತು ಮುಗಿಯುವುದೂ ಕಷ್ಟ. ಆ ವೇಗದಲ್ಲಿ ನಾನು ಹೋದರೆ ನನ್ನ ವಾಚು ಓಟ ಎಂದು ಒಪ್ಪುವುದಿಲ್ಲ, 'ನಡಿಗೆ' ಎಂದು ದಾಖಲಿಸಿಕೊಳ್ಳುತ್ತದೆ. ಒಂದು ಗಡಿಯಾರದ ಜೊತೆ ವಾದ ಮಾಡುವಷ್ಟು ಉಸಿರು ನನ್ನಲ್ಲಿ ಉಳಿದಿರುವುದಿಲ್ಲ.

ಈ ಧಾಟಿಗಳಿಗೆ ಕೊನೆ ಎಂಬುದು ತಾನಾಗಿ ಬರುವುದಿಲ್ಲ. ಹತ್ತಾರು ಸುತ್ತಾದ ಮೇಲೂ ಫಿಡಲ್ ಹಿಡಿದವರಿಗೆ ಸಾಕೆನಿಸಬೇಕು. ಕೈಯಲ್ಲಿ ಕಮಾನು, ಗದ್ದದಡಿ ಫಿಡಲ್, ಸನ್ನೆ ಮಾಡುವುದು ಹೇಗೆ? ಒಂದು ಕಾಲೆತ್ತುತ್ತಾರೆ. ಕಾಲೆತ್ತಿದರೆ ಇದೇ ಕಡೆಯ ಸುತ್ತು ಎಂದು ಎಲ್ಲರಿಗೂ ಅರ್ಥ. ನಾನೂ ಈಗ ಟ್ರೇಲಿನಲ್ಲಿ ಸಾಕೆನಿಸಿದ ಕಡೆ ಹಾಗೇ ಒಂದು ಕಾಲೆತ್ತಿ ನಿಲ್ಲುತ್ತೇನೆ. ಮುಂದೆ ಹೋಗಿದ್ದ ಅಕ್ಕನ ಮಗ ಗಾಬರಿಯಿಂದ ತಿರುಗಿ ಬಂದು, "ಕ್ರ್ಯಾಂಪಾ ಮಾಮ?" ಎಂದು ಕೇಳುತ್ತಾನೆ. ಹೂಂ ಎಂದುಬಿಡುತ್ತೇನೆ. ಕಾರನ್ನು ಅಲ್ಲಿಗೇ ತರುತ್ತಾನೆ.