ಪಂಕ್ತಿಯಿಂದ ಎದ್ದ ಪರಿ

ಕಳೆದ ಕಾರ್ತಿಕದಲ್ಲಿ ನಮ್ಮ ಷಡ್ಡಕನ ಮನೆಯ ಗೃಹಪ್ರವೇಶ. ಊಟಕ್ಕೆ ಎರಡು ಏರ್ಪಾಡು ಮಾಡಿದ್ದರು. ಮಹಡಿಯಲ್ಲಿ ನೆಲದ ಮೇಲೆ ಪಂಕ್ತಿ. ಕೆಳಗೆ ಶಾಮಿಯಾನದಲ್ಲಿ, ‘ನೆಲದ ಮೇಲೆ ಕೂರಲಾಗದವರಿಗೆ’ ಮೇಜು ಕುರ್ಚಿ. ನನಗೆ ಅರುವತ್ತೆಂಟು. ಆದರೂ ‘ಆಗದವರು’ ಎಂಬ ಪಂಗಡಕ್ಕೆ ಸೇರಲು ಮನಸ್ಸು ಒಪ್ಪಲಿಲ್ಲ. ಮಹಡಿ ಹತ್ತಿ, ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ವಿರಾಜಮಾನನಾದೆ. ಕೂರುವುದಕ್ಕೇನು, ಭೂಮಿಯೇ ಎಳೆದುಕೊಳ್ಳುತ್ತದೆ. ಚಿರೋಟಿ, ಬಾದಾಮಿ ಹಾಲು, ಅದರ ಮೇಲೆ ಇನ್ನೊಂದು ಚಿರೋಟಿ, ಕೊನೆಗೆ ಮಜ್ಜಿಗೆ. ಯಾರೋ ಗೋವಿಂದ ಅಂದರು, ಎಲ್ಲರೂ ಎದ್ದರು. ನಾನೂ ಎದ್ದೆ, ಮನಸ್ಸಿನಲ್ಲಿ. ದೇಹ ಮಾತ್ರ ಎಲೆಯ ಮುಂದೆ ಕೂತೇ ಇತ್ತು.

ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈ ಊರಿದರೆ ಮಂಡಿ ಮಾತು ಕೇಳುವುದಿಲ್ಲ. ಮುಂದಕ್ಕೆ ಬಾಗಿದರೆ ಚಿರೋಟಿ ಎದುರು ವಾದಿಸುತ್ತದೆ. ಎರಡನೇ ಪಂಕ್ತಿಯವರು ಬಾಗಿಲಲ್ಲಿ ನಿಂತು, ನನ್ನ ಜಾಗದ ಮೇಲೆ ಕಣ್ಣಿಟ್ಟಿದ್ದರು. ಕೊನೆಗೆ ಎಲೆ ಎತ್ತಲು ಬಂದ ಹುಡುಗರು ಮೊದಲು ನನ್ನನ್ನು ಎತ್ತಿದರು.

“ಗ್ರಾನೈಟು ತುಂಬಾ ನುಣುಪು ಕಣೇ, ಕಾಲು ಹಿಡಿತಕ್ಕೇ ಸಿಗಲಿಲ್ಲ” ಎಂದೆ ದಾರಿಯಲ್ಲಿ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ನುಣುಪು, ಅಷ್ಟೇರೀ ವ್ಯತ್ಯಾಸ” ಎಂದಳು ಮನೆಯಾಕೆ.

ಆ ರಾತ್ರಿಯೇ ನಿಶ್ಚಯಿಸಿದೆ: ಮನೆಯಲ್ಲಿ ಒಂದು ವ್ಯಾಯಾಮದ ಸಾಧನ ಇರಬೇಕು. ಹಾಗೆಂದು ನಾನೇನು ಸೋಮಾರಿಯಲ್ಲ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಿಬರುವ ಮೈಸೂರಿಗ. ಒಂದು ಗಂಟೆಯ ವಾಕಿಂಗಿನಲ್ಲಿ ಅರ್ಧ ಗಂಟೆ ಕಲ್ಲುಬೆಂಚಿನ ಮೇಲೆ ದೇಶದ ಹಣಕಾಸು ಸರಿಪಡಿಸುವುದಕ್ಕೆ ಹೋಗುತ್ತದೆ, ನಿಜ. ಆದರೂ ನಡಿಗೆ ನಡಿಗೆಯೇ ತಾನೇ?

ನಮ್ಮ ಬೀದಿಯಲ್ಲಿ ಒಬ್ಬ ಏನೋ ಕೊಳ್ಳುತ್ತಾನೆ ಎಂದು ಗೊತ್ತಾದರೆ ಸಾಕು, ಸಲಹೆಗೆ ಬರಗಾಲವಿಲ್ಲ. ಭಾವಮೈದ, “ಟ್ರೆಡ್‌ಮಿಲ್ ತಗೊಳ್ಳಿ ಭಾವ, ಮಳೆಯಲ್ಲೂ ನಡೀಬಹುದು” ಎಂದ. ಎದುರು ಮನೆಯವರು ನಿಂತರೆ ಸಾಕು, ತಾನೇ ಮೈ ಕುಲುಕಿಸುವ ಯಂತ್ರವೊಂದರ ಗುಣಗಾನ ಮಾಡಿದರು. ಅಂಥದ್ದು ನಮ್ಮ ಸಿಟಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಗೇ ಸಿಗುತ್ತದಲ್ಲ ಎಂದು ಬಿಟ್ಟೆ. ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಮಗ ಕೊಡಿಸಿದ ಟ್ರೆಡ್‌ಮಿಲ್ ಇತ್ತು. “ಕೊಳ್ಳೋ ಮುಂಚೆ ಒಂದು ಸಲ ಹತ್ತಿ ನೋಡಿ” ಎಂದರು. ಉಟ್ಟ ಪಂಚೆಯಲ್ಲೇ, ಬರಿಗಾಲಲ್ಲೇ ಹೋದೆ. ಅಲ್ಲೇ ಎರಡು ತಪ್ಪಾಯಿತು.

ಆ ಯಂತ್ರದಲ್ಲಿ ಸೇಫ್ಟಿ ಕೀ ಎಂದು ಒಂದಿರುತ್ತದೆ. ಕೆಂಪು ಬಿಲ್ಲೆ, ಅದಕ್ಕೊಂದು ದಾರ, ದಾರದ ತುದಿಗೆ ಕ್ಲಿಪ್ಪು. ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು. ನಡೆಯುವವನು ಜಾರಿ ಹಿಂದಕ್ಕೆ ಹೋದರೆ ದಾರ ಬಿಲ್ಲೆಯನ್ನು ಕಿತ್ತು, ಯಂತ್ರ ಅಲ್ಲೇ ನಿಲ್ಲುತ್ತದೆ. ಬಹಳ ಬುದ್ಧಿವಂತಿಕೆಯ ಏರ್ಪಾಡು. ನಾನು ಕ್ಲಿಪ್ಪನ್ನು ಪಂಚೆಗೆ ಸಿಕ್ಕಿಸಿಕೊಂಡೆ. ಮೇಷ್ಟ್ರು ಕನ್ನಡಕ ಹಾಕದೆ, ವೇಗ ಇಳಿಸುವ ಬದಲು ಏರಿಸುವ ಗುಂಡಿ ಒತ್ತಿದರು. ನಾನು ಹಿಂದಕ್ಕೆ ಸರಿದೆ, ದಾರ ಬಿಗಿಯಿತು. ಕೀ ಬಿಗಿಯಾಗಿತ್ತೋ ಪಂಚೆ ಸಡಿಲವಾಗಿತ್ತೋ, ಯಂತ್ರ ನಿಲ್ಲುವ ಮೊದಲು ಪಂಚೆ ತನ್ನ ತೀರ್ಮಾನ ತಗೊಂಡಿತ್ತು. ಆ ಹೊತ್ತಿಗೇ ಮೇಷ್ಟ್ರ ಮನೆಯವರು ಕಾಫಿ ತರಬೇಕೆ? ಪಟಾಪಟಿ ಚಡ್ಡಿ ಅಂದು ನನ್ನ ಮಾನ ಕಾಯಿತು.

ಈ ಯಂತ್ರದ ಜಾತಕ ನೋಡಿದಾಗ ನನ್ನ ಅವಮಾನಕ್ಕೆ ಒಂದು ಪರಂಪರೆಯೇ ಇದೆ ಎಂದು ತಿಳಿಯಿತು. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್, ಜೈಲಿನಲ್ಲಿ ಸುಮ್ಮನೆ ಕೂತ ಕೈದಿಗಳನ್ನು ಕಂಡು, ಅವರಿಗೆಂದೇ ಮೆಟ್ಟಿಲಿನ ದೊಡ್ಡ ಚಕ್ರವೊಂದನ್ನು ಯೋಚಿಸಿದ. ಎಷ್ಟು ಹತ್ತಿದರೂ ಮೇಲೆ ಹೋಗದ ಮೆಟ್ಟಿಲು. ಆ ತಿರುಗುವಿಕೆಯಿಂದ ಕೆಲವೆಡೆ ಕಾಳು ಬೀಸುತ್ತಿದ್ದರಂತೆ, ಅದಕ್ಕೇ ಹೆಸರಿನಲ್ಲಿ ‘ಮಿಲ್’. ಸಾಹಿತಿ ಆಸ್ಕರ್ ವೈಲ್ಡ್ 1895ರಲ್ಲಿ ಜೈಲಿಗೆ ಹೋದಾಗ ಅವನೂ ಅದನ್ನು ತುಳಿಯಬೇಕಾಯಿತು. ಇದನ್ನೆಲ್ಲ ಮನೆಯಾಕೆಗೆ ವಿವರಿಸಿದೆ. “ಅವರಿಗೆ ಸರ್ಕಾರ ಪುಕ್ಕಟೆ ಕೊಡ್ತಿತ್ತು. ನೀವು ಕಂತಿನಲ್ಲಿ ಕೊಂಡು ಶಿಕ್ಷೆ ಅನುಭವಿಸ್ತೀರಾ?” ಎಂದು ಕೇಳಿ, ಹುರುಳಿಕಾಯಿ ಸೋಸುವುದರಲ್ಲಿ ಮಗ್ನಳಾದಳು.

ಆದರೂ ಛಲ. ಅಂಗಡಿಗೆ ಹೋದೆ. ಅಲ್ಲಿನ ಹುಡುಗ, “ಅಂಕಲ್, ಇದು ನಾಲ್ಕು ಎಚ್.ಪಿ. ಮೋಟರು” ಎಂದ. ಚೀಟಿಯನ್ನು ಬಗ್ಗಿ ಓದಿದೆ, ‘ಪೀಕ್’ ಎಂದು ಸಣ್ಣ ಅಕ್ಷರದಲ್ಲಿತ್ತು. ಒಂದು ಕ್ಷಣಕ್ಕೆ ಗರಿಷ್ಠ ಎಷ್ಟು ಎಳೆಯುತ್ತದೆ ಎಂಬುದು ಪೀಕ್. ಎಡೆಬಿಡದೆ ಎಷ್ಟು ಎಳೆಯಬಲ್ಲದು ಎಂಬುದು ಕಂಟಿನ್ಯುಯಸ್. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸುವಾಗಿನ ಹುಮ್ಮಸ್ಸು ಪೀಕ್, ನಾಲ್ಕನೇ ಪಂಕ್ತಿಗೂ ಅದೇ ಕೈ ಬಡಿಸಿದರೆ ಕಂಟಿನ್ಯುಯಸ್. ಕೊಳ್ಳುವವನು ಕೇಳಬೇಕಾದ್ದು ಎರಡನೆಯದನ್ನು. ನಮ್ಮ ವಯಸ್ಸಿನವರು ಇನ್ನೂ ಕೆಲವನ್ನು ಕೇಳಬೇಕು: ಆರಂಭದ ವೇಗ ಗಂಟೆಗೆ ಒಂದು ಕಿಲೋಮೀಟರಿನಷ್ಟು ನಿಧಾನವಿದೆಯೇ? ಪಕ್ಕದ ಹಿಡಿಕೆ ಉದ್ದವಿದೆಯೇ, ಇಲ್ಲಾ ಮುಂದೆ ಮಾತ್ರ ಗುಬ್ಬಚ್ಚಿ ಕೂರುವಷ್ಟಿದೆಯೇ? ಹತ್ತುವ ಹಲಗೆ ನೆಲದಿಂದ ಎಷ್ಟು ಎತ್ತರ? ಗುಂಡಿಗಳು ಕನ್ನಡಕವಿಲ್ಲದೆ ಕಾಣುತ್ತವೆಯೇ? (ಈ ಪ್ರಶ್ನೆ ಮೇಷ್ಟ್ರಿಗೆ ಅರ್ಪಣೆ.) ಬೆಲ್ಟಿಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡಬೇಕು, ಅದನ್ನು ಬಗ್ಗಿ ಬಿಡುವವರಾರು? ಬಗ್ಗಲು ಬರುವಂತಿದ್ದರೆ ನಾನು ಅಂಗಡಿಗೇ ಬರುತ್ತಿರಲಿಲ್ಲವಲ್ಲ.

ಪಕ್ಕದಲ್ಲಿ ಸೈಕಲ್ಲುಗಳ ಸಾಲು. ನೆಟ್ಟಗೆ ಕೂರುವ ಸೈಕಲ್ಲಿನ ಸೀಟು ಹದ್ದಿನ ಕೊಕ್ಕಿನಂತಿತ್ತು. ಅದರಾಚೆಯದು ‘ರಿಕಂಬೆಂಟ್’, ಒರಗಿ ಕೂರುವ ಸೈಕಲ್ಲು. ಅಗಲವಾದ ಆಸನ, ಬೆನ್ನಿಗೆ ಆಸರೆ, ಕಾಲೆತ್ತಿ ದಾಟುವ ಕಷ್ಟವಿಲ್ಲ, ಪೆಡಲು ಮುಂದೆ. ಮಂಡಿನೋವು, ಸೊಂಟನೋವು ಇದ್ದವರಿಗೆ, ಬೀಳುವ ಭಯವಿದ್ದವರಿಗೆ ಇದು ಟ್ರೆಡ್‌ಮಿಲ್ಲಿಗಿಂತ ಎಷ್ಟೋ ವಾಸಿ. ಕೂತು ಹತ್ತು ನಿಮಿಷ ತುಳಿದೆ. ಪರಮ ಸುಖ. ನಿದ್ದೆ ಬಂದೀತೆನ್ನುವಷ್ಟು ಸುಖ. ಆದರೆ ಅದರಿಂದ ಏಳುವಾಗ ಅಂಗಡಿಯ ಹುಡುಗನ ಭುಜ ಹಿಡಿದೆ. ಆಗ ಮೊದಲ ಸಲ ಅನುಮಾನ ಬಂತು: ನನ್ನ ರೋಗಕ್ಕೂ ಈ ಮದ್ದಿಗೂ ಗಣ ಕೂಡುತ್ತಿಲ್ಲವಲ್ಲ?

ನಮ್ಮ ಬಡಾವಣೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾಳೆ, ನನ್ನ ಮಗಳಿಗಿಂತ ಚಿಕ್ಕವಳು. ಡಾಕ್ಟರ ಹತ್ತಿರ ಬಿ.ಪಿ., ಹೃದಯ ಎಲ್ಲ ನೋಡಿಸಿಕೊಂಡ ಚೀಟಿ ಹಿಡಿದು ಅವಳ ಬಳಿ ಹೋದೆ. ಕೊಳ್ಳಬಹುದಾದ ಯಂತ್ರಗಳ ಪಟ್ಟಿಯನ್ನು ಮುಂದಿಟ್ಟೆ. ಅವಳು ಅದನ್ನು ಮಡಿಚಿ ಪಕ್ಕಕ್ಕಿಟ್ಟಳು. “ಅಂಕಲ್, ಏನು ತಗೋಬೇಕು ಅನ್ನೋದು ಆಮೇಲೆ. ಏನು ಮಾಡೋಕಾಗ್ತಿಲ್ಲ, ಅದನ್ನ ಹೇಳಿ.”

ಹೇಳಿದೆ, ಎಲೆಯ ಪುರಾಣವನ್ನು ಪೂರ್ತಿ. ನಗು ತಡೆದುಕೊಂಡು ಕೇಳಿದಳು. ಆಮೇಲೆ ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಯನ್ನು ಎದೆಯ ಮೇಲೆ ಕತ್ತರಿ ಹಾಕಿಸಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಎಂದಳು. ಏಳು ಬಂತು. ಏಳನೆಯದು ಅರ್ಧವೇ, ದೊಡ್ಡ ಮನಸ್ಸಿನಿಂದ ಎಣಿಸಿದಳು. ಅರುವತ್ತೈದರಿಂದ ಅರುವತ್ತೊಂಬತ್ತರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಅದು ಸರಾಸರಿಗಿಂತ ಕೆಳಗಂತೆ. ಬೀಳುವ ಅಪಾಯಕ್ಕೂ ಒಂದು ಸೂಚನೆಯಂತೆ. ಪರೀಕ್ಷೆಯಲ್ಲಿ ಫೇಲಾಗಿ ಐವತ್ತು ವರ್ಷವಾಗಿತ್ತು. ಹಳೆಯ ರುಚಿ ನೆನಪಾಯಿತು.

ವಿಶ್ವ ಆರೋಗ್ಯ ಸಂಸ್ಥೆ ಅರುವತ್ತೈದು ದಾಟಿದವರಿಗೆ ಮೂರು ಕೆಲಸ ಹೇಳಿದೆ: ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಂಥ ನಡಿಗೆಯಂತಹ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು, ಮೂರು ದಿನ ಸಮತೋಲದ ಅಭ್ಯಾಸ. ನಾನು ಮೊದಲನೆಯದನ್ನು ಬೆಂಚಿನ ಜೊತೆ ಹಂಚಿಕೊಂಡು, ಉಳಿದೆರಡರ ಗೊಡವೆಗೇ ಹೋಗಿರಲಿಲ್ಲ. ಈಗ ಟ್ರೆಡ್‌ಮಿಲ್ ಕೊಂಡರೆ? ಕೆರೆ ಏರಿಯ ಮೇಲೆ ಪುಕ್ಕಟೆ ಇರುವುದನ್ನೇ ಹಾಲಿನಲ್ಲಿ ದುಡ್ಡು ಕೊಟ್ಟು ಇನ್ನೊಂದು ತಂದಂತೆ. ಮನೆಯಲ್ಲಿ ಎರಡು ಸಾರಿನ ಸೌಟು, ಅನ್ನದ ಕೈ ಮಾತ್ರ ಇಲ್ಲ!

“ಈ ವಯಸ್ಸಿನಲ್ಲಿ ಬಲ ಬರುತ್ತೇನಮ್ಮಾ?” ಎಂದು ಕೇಳಿದೆ, ಬರುವುದಿಲ್ಲ ಎಂದರೆ ಮನೆಗೆ ಹೋಗಬಹುದೆಂಬ ಆಸೆಯಿಂದ. ಅವಳು ಬೋಸ್ಟನ್ನಿನ ಒಂದು ಪ್ರಯೋಗದ ಕಥೆ ಹೇಳಿದಳು. ಆರೈಕೆಯ ಮನೆಯಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರಂತೆ. ಕೊನೆಯವರೆಗೆ ನಿಂತವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತಂತೆ. ಅದು 1990ರಲ್ಲಿ ವರದಿಯಾದದ್ದು. ಅವರ ಮುಂದೆ ನಾನು ಪಡ್ಡೆ ಹುಡುಗ.

ಅವಳು ಬರೆದುಕೊಟ್ಟ ಸಾಮಾನಿನ ಚೀಟಿ ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು, ಕಷಾಯ ಬರೆದುಕೊಟ್ಟ ಡಾಕ್ಟರನ್ನು ಕಂಡ ಹಾಗೆ. ಗಟ್ಟಿ ಕುರ್ಚಿ ಒಂದು: ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತದೆ. ಎಳೆಯುವ ರಬ್ಬರ್ ಪಟ್ಟಿ ಎರಡು: ಒಂದು ಮೆದು, ಒಂದು ಅದಕ್ಕಿಂತ ಬಿಗಿ, ಬಣ್ಣ ನೋಡಿ ಬಿಗಿ ತಿಳಿಯಬೇಕು, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಎಳೆಯುವ ಮುಂಚೆ ಬಿರುಕು ಬಿಟ್ಟಿದೆಯೇ ನೋಡಬೇಕು, ಇಲ್ಲದಿದ್ದರೆ ಮುಖಕ್ಕೇ ಬಾರಿಸುತ್ತದೆ. ಡಂಬ್‌ಬೆಲ್ ಸದ್ಯಕ್ಕೆ ಬೇಡ. ಒಂದು ಲೀಟರ್ ನೀರು ತುಂಬಿದ ಬಾಟಲಿ ಎಂದರೆ ಒಂದು ಕೆ.ಜಿ. ಸಮತೋಲಕ್ಕೆ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಬೇಕು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು, ಬಿ.ಪಿ. ಏರುತ್ತದೆ; ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನೇ ಹೊರಗೆ ಬರುತ್ತದೆ. ಭುಜ ಹಿಡಿದುಕೊಂಡಿದ್ದ ಮನೆಯಾಕೆಗೆ, ಬಾಗಿಲಿಗೆ ನೇತುಹಾಕಿ ಹಗ್ಗ ಎಳೆಯುವ ಒಂದು ರಾಟೆ. ಹತ್ತು ವರ್ಷದ ಹಿಂದೆ ಬಾವಿ ಮುಚ್ಚಿಸಿ ರಾಟೆಯನ್ನು ಗುಜರಿಗೆ ಹಾಕಿದ್ದೆವು. ಈಗ ಅದರ ಮರಿಯನ್ನು ಔಷಧಿ ಅಂಗಡಿಯಲ್ಲಿ ಕೊಂಡೆವು, ನೀರು ಬರುವುದಿಲ್ಲ ಅಷ್ಟೇ. ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಮುಟ್ಟಲಿಲ್ಲ.

ಬರಿ ಕುರ್ಚಿಯೇ ಎಂದು ಮೂಗು ಮುರಿಯುತ್ತಿದ್ದವನಿಗೆ ನಮ್ಮೂರಿನದೇ ಒಂದು ಸಂಗತಿ ನೆನಪಾಯಿತು. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಹುಡುಗನಾಗಿದ್ದಾಗ ಕಡ್ಡಿಯಂತಿದ್ದರು. ಮೈಸೂರಿನಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಬಳಿ ಬಂದು ಆಸನ ಕಲಿತರು. ಮುಂದೆ ಪುಣೆಯಲ್ಲಿ, ವಯಸ್ಸಾದವರಿಗೂ ರೋಗಿಗಳಿಗೂ ಆಸನ ದಕ್ಕಲೆಂದು ಅವರು ಹಿಡಿದ ಸಾಧನಗಳೇನು? ಮಡಿಚುವ ಕುರ್ಚಿ, ಮರದ ಇಟ್ಟಿಗೆ, ಬೆಲ್ಟು, ಹಗ್ಗ, ಕಂಬಳಿ. ತೊಂಬತ್ತೈದು ವರ್ಷ ಬಾಳಿದವರು ಕುರ್ಚಿಯನ್ನು ಕೀಳಾಗಿ ಕಾಣಲಿಲ್ಲವೆಂದ ಮೇಲೆ ನನ್ನದೇನು?

ಯಂತ್ರ ಯಾರಿಗೂ ಬೇಡವೆಂದಲ್ಲ. ಬೀದಿಯಲ್ಲಿ ನಾಯಿ, ಫುಟ್‌ಪಾತಿನಲ್ಲಿ ಹಳ್ಳ, ಜೂನ್ ಬಂದರೆ ಬಿಡದ ಮಳೆ, ಇಂಥ ಊರಿನಲ್ಲಿ ಮನೆಯೊಳಗಿನ ಸೈಕಲ್ಲು ದೊಡ್ಡ ಉಪಕಾರಿ. ಆದರೆ ಹತ್ತಿ ಇಳಿಯಲು ಇನ್ನೊಬ್ಬರ ಭುಜ ಬೇಕಾಗದಿರಲಿ. ಅಂಗಡಿಯಲ್ಲಿ ನಿಮ್ಮದೇ ಬೂಟು ಹಾಕಿಕೊಂಡು ಹತ್ತು ನಿಮಿಷವಾದರೂ ತುಳಿದು ನೋಡಿ. ತಂದ ಮೇಲೆ ಮಹಡಿಯ ಕೋಣೆಗೆ ಸಾಗಿಸಬೇಡಿ, ಟಿ.ವಿ. ಮುಂದೆಯೇ ಇರಲಿ, ಕಣ್ಣಿಗೆ ಬೀಳದ ಯಂತ್ರ ಮೈಗೂ ಹತ್ತುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರಾಟದ ಜಾಹೀರಾತು ನೋಡಿದ್ದೀರಾ? ಎಲ್ಲರೂ ಬರೆಯುವುದು ಒಂದೇ: ‘ಹೆಚ್ಚು ಬಳಸಿಲ್ಲ’. ಬೇರೆ ಯಾವ ವ್ಯಾಪಾರದಲ್ಲೂ ಇಷ್ಟು ಸತ್ಯ ನಾನು ಕಂಡಿಲ್ಲ.

ಕುರ್ಚಿಯ ಮೇಲೆ ನಾಲ್ಕು ತಿಂಗಳು ಎದ್ದೆ, ಕೂತೆ. ಏಳು ಎಂಟಾಯಿತು, ಎಂಟು ಹತ್ತಾಯಿತು. ಯುಗಾದಿಯ ಹೊತ್ತಿಗೆ ಹನ್ನೆರಡು. ಹಬ್ಬದ ದಿನ ಮನೆಯವರೆಲ್ಲ ನೆಲದ ಮೇಲೆ ಎಲೆ ಹಾಕಿ ಕೂತೆವು. ಹೋಳಿಗೆ, ಅದರ ಮೇಲೆ ಇನ್ನೊಂದು ಹೋಳಿಗೆ. ಊಟ ಮುಗಿದ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲು ಮುಂದಿಟ್ಟು, ಎಡಗೈಯನ್ನು ತೊಡೆಯ ಮೇಲೆ ಒತ್ತಿ ಎದ್ದುಬಿಟ್ಟೆ. ಮೊಮ್ಮಕ್ಕಳು ತಲೆಯೆತ್ತಿ ಕೂಡ ನೋಡಲಿಲ್ಲ. ಮನೆಯಾಕೆ ಮಾತ್ರ ತುಪ್ಪದ ಗಿಂಡಿ ಕೈಯಲ್ಲಿ ಹಿಡಿದೇ ಕೇಳಿದಳು: “ನಮ್ಮನೆ ನೆಲ ಪರವಾಗಿಲ್ವಾರೀ?”

ಆದ್ದರಿಂದ ನನ್ನ ವಾರಿಗೆಯವರಲ್ಲಿ ಒಂದು ಮಾತು. ಅಂಗಡಿಗೆ ಹೊರಡುವ ಮುಂಚೆ ಗೋಡೆಗೊಂದು ಕುರ್ಚಿ ಒತ್ತಿ ಇಟ್ಟು, ಮನೆಯವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೂವತ್ತು ಸೆಕೆಂಡು ಎದ್ದು ಕೂತು ಎಣಿಸಿ. ಎಷ್ಟು ಬಂದರೂ ಸುಳ್ಳು ಹೇಳಬೇಡಿ. ಮತ್ತೆ, ಪಂಚೆ ಉಟ್ಟಿದ್ದರೆ ಬಿಗಿಯಾಗಿ ಕಟ್ಟಿಕೊಳ್ಳಿ.